ಒಂದೇ ಸಿಯು, ಎರಡು ಡಿಯು: ಹ್ಯಾಂಡೋವರ್ ಆಜ್ಞೆ ಫೋನಿಗೆ ತಡವಾಗಿ ತಲುಪುತ್ತಿದೆ

ಗೋಪುರ_78:
5ಜಿಯ ಎನ್78 ಬ್ಯಾಂಡ್, ಹೆದ್ದಾರಿ ಪಕ್ಕದ ಎರಡು ಡಿಯುಗಳು (ಸೈಟಿನ ರೇಡಿಯೋ ನೋಡಿಕೊಳ್ಳುವ ಘಟಕ), ಎರಡಕ್ಕೂ ಒಂದೇ ಸಿಯು (ಅವನ್ನು ದೂರದಿಂದ ನಿಯಂತ್ರಿಸುವ ಕೇಂದ್ರ ಘಟಕ). ಸಿಯು-ಡಿಯು ನಡುವಿನ ಸಿಗ್ನಲಿಂಗ್ ಕೊಂಡಿ ಎಫ್1-ಸಿಯ ವಿಳಂಬ ಒಂದು ದಿಕ್ಕಿಗೆ ಸುಮಾರು 6 ಮಿಲಿಸೆಕೆಂಡ್. ಎ3 ಆಫ್‌ಸೆಟ್ (ಪಕ್ಕದ ಸೆಲ್ ಇಷ್ಟು ಬಲವಾದರೆ ಫೋನ್ ವರದಿ ಕಳಿಸುತ್ತದೆ) 3 ಡಿಬಿ, ಹಿಸ್ಟರಿಸಿಸ್ (ಅದರ ಮೇಲಿನ ಹೆಚ್ಚುವರಿ ಅಂತರ) 1 ಡಿಬಿ, ಟೈಮ್-ಟು-ಟ್ರಿಗರ್ (ಟಿಟಿಟಿ, ಆ ಸ್ಥಿತಿ ಇಷ್ಟು ಹೊತ್ತು ಉಳಿಯಬೇಕು) 320, ಟಿ310 (ಸಿಗ್ನಲ್ ಕೆಟ್ಟ ಮೇಲೆ ಲಿಂಕ್ ಹೋಯಿತೆನ್ನಲು ಫೋನ್ ಕಾಯುವ ಸಮಯ) 1000 ಮಿಲಿಸೆಕೆಂಡ್. ಗಂಟೆಗೆ 100 ಕಿ.ಮೀ. ವೇಗದ ವಾಹನಗಳಲ್ಲಿರುವ ಕೆಲವು ಫೋನ್‌ಗಳು ಹ್ಯಾಂಡೋವರ್ (ಸೆಲ್ ಬದಲಿಸುವ) ಆಜ್ಞೆ ಸಿಗುವ ಮೊದಲೇ ಲಿಂಕ್ ಕಳೆದುಕೊಂಡು, ಎರಡನೇ ಡಿಯುನಲ್ಲಿ ಆರ್‌ಆರ್‌ಸಿ ರೀಎಸ್ಟಾಬ್ಲಿಶ್‌ಮೆಂಟ್ (ಕಡಿದ ಸಂಪರ್ಕವನ್ನು ಮತ್ತೆ ಕಟ್ಟುವುದು) ಮಾಡಿಕೊಳ್ಳುತ್ತಿವೆ. ಟಿಟಿಟಿ 160ಕ್ಕೆ ಇಳಿಸಿದರೆ ಪಿಂಗ್-ಪಾಂಗ್ (ಎರಡು ಸೆಲ್‌ಗಳ ನಡುವೆ ಅತ್ತಿತ್ತ ಹಾರುವುದು) ಶುರು. ಸಿಯುವನ್ನೇ ಸೈಟಿನ ಹತ್ತಿರ ತರುವುದಾ, ಕಂಡಿಷನಲ್ ಹ್ಯಾಂಡೋವರ್ (ಆಜ್ಞೆ ಮೊದಲೇ ಕೊಟ್ಟಿಟ್ಟು, ಷರತ್ತು ಈಡೇರಿದಾಗ ಫೋನೇ ಹೊರಡುವುದು) ಹಾಕುವುದಾ?

ತರಂಗಾಂತರ:
ಸಿಯು ಅಲ್ಲೇ ಇರಲಿ. ಮೊದಲು ಲೆಕ್ಕ ನೋಡಿ. ಫೋನಿನ ಮೆಷರ್‌ಮೆಂಟ್ ರಿಪೋರ್ಟ್ ಹಳೆ ಡಿಯುನಿಂದ ಸಿಯುಗೆ, ಯುಇ (ಅಂದರೆ ಫೋನ್) ಕಾಂಟೆಕ್ಸ್ಟ್ ಸೆಟಪ್ ರಿಕ್ವೆಸ್ಟ್ ಹೊಸ ಡಿಯುಗೆ, ಅದರ ರೆಸ್ಪಾನ್ಸ್ ವಾಪಸ್, ಆಮೇಲೆ ಆರ್‌ಆರ್‌ಸಿ ರೀಕಾನ್ಫಿಗರೇಷನ್ (ಅದೇ ಹ್ಯಾಂಡೋವರ್ ಆಜ್ಞೆ) ಹೊತ್ತ ಯುಇ ಕಾಂಟೆಕ್ಸ್ಟ್ ಮಾಡಿಫಿಕೇಷನ್ ರಿಕ್ವೆಸ್ಟ್ ಹಳೆ ಡಿಯುಗೆ. ಆಜ್ಞೆ ಗಾಳಿಗೆ ಬೀಳುವ ಮುಂಚೆ ಎಫ್1 ದಾಟುವುದು ನಾಲ್ಕು ಸಲ, ಅಂದರೆ 24 ಮಿಲಿಸೆಕೆಂಡ್. ಆ ವೇಗದಲ್ಲಿ ಅಷ್ಟರೊಳಗೆ ಫೋನ್ ಸರಿಯುವುದು ಮುಕ್ಕಾಲು ಮೀಟರೂ ಇಲ್ಲ. ನಿಮ್ಮ ಟಿಟಿಟಿಯಲ್ಲೇ ಅದು ಸುಮಾರು 9 ಮೀಟರ್ ಹೋಗಿರುತ್ತದೆ. ಹಾಗಾಗಿ 6 ಮಿಲಿಸೆಕೆಂಡ್ ಮೇಲೆ ಅನುಮಾನ ಬೇಡ, ಯಾವಾಗಲೋ ಒಮ್ಮೆ ಬರುವ ದೊಡ್ಡ ವಿಳಂಬವನ್ನು ಹುಡುಕಿ.

ಸಿಯು ಕಡೆ ಮಾತ್ರ ಪ್ಯಾಕೆಟ್ ಕ್ಯಾಪ್ಚರ್ ಮಾಡಿ (ಎಫ್1-ಸಿ ಸಂದೇಶ ಹೊರುವ ಪ್ರೋಟೋಕಾಲ್ ಎಸ್‌ಸಿಟಿಪಿಯ ಪೋರ್ಟ್ 38472), ಗಡಿಯಾರ ಹೊಂದಿಸುವ ತಲೆನೋವು ತಪ್ಪುತ್ತದೆ. ಮೇಲಿನ ಸಂದೇಶಗಳ ನಡುವಿನ ಅಂತರ ಬರೆದುಕೊಳ್ಳಿ, ಸರಾಸರಿ ತೆಗೆಯಬೇಡಿ. ಜೊತೆಗೆ ಮಾಡಿಫಿಕೇಷನ್ ರಿಕ್ವೆಸ್ಟ್‌ನಲ್ಲಿ ಆರ್‌ಆರ್‌ಸಿ ಡೆಲಿವರಿ ಸ್ಟೇಟಸ್ ಕೇಳಿ. ಡೆಲಿವರಿ ರಿಪೋರ್ಟ್ ಬಂದರೆ ಆಜ್ಞೆ ಫೋನ್ ಮುಟ್ಟಿದೆ, ಆಗ ತೊಂದರೆ ರ‍್ಯಾಂಡಮ್ ಆಕ್ಸೆಸ್‌ನದ್ದು (ಫೋನ್ ಹೊಸ ಸೆಲ್‌ಗೆ ಪ್ರವೇಶಿಸುವ ಹಂತ). ಬಾರದಿದ್ದರೆ ತಯಾರಿ ಹಂತದ್ದು ಅಥವಾ ಹಳೆ ಸೆಲ್‌ನ ರೇಡಿಯೋದ್ದು.

ಗೋಪುರ_78:
ನೋಡಿದೆ ಸರ್. ಸೆಟಪ್ ರಿಕ್ವೆಸ್ಟ್‌ನಿಂದ ರೆಸ್ಪಾನ್ಸ್‌ಗೆ ಸಾಮಾನ್ಯವಾಗಿ 20 ಮಿಲಿಸೆಕೆಂಡ್ ಒಳಗೆ. ಬಿದ್ದ ಪ್ರಕರಣಗಳಲ್ಲಿ ಮಾತ್ರ 1000ಕ್ಕಿಂತ ಸ್ವಲ್ಪ ಹೆಚ್ಚು. ಡೆಲಿವರಿ ರಿಪೋರ್ಟ್ ಇಲ್ಲ.

ಸಿಗ್ನಲ್_ಶಾಸ್ತ್ರಿ:
1000 ಅಂದ ಕೂಡಲೇ ಎಸ್‌ಸಿಟಿಪಿ ಕಡೆ ನೋಡಬೇಕು. ಲಿನಕ್ಸ್‌ನಲ್ಲಿ ನೆಟ್.ಎಸ್‌ಸಿಟಿಪಿ.ಆರ್‌ಟಿಒ_ಮಿನ್ (ಕಳೆದ ಪ್ಯಾಕೆಟ್ ಮತ್ತೆ ಕಳಿಸುವ ಮುನ್ನ ಕಾಯುವ ಕನಿಷ್ಠ ಸಮಯ) ಡೀಫಾಲ್ಟ್ 1000 ಮಿಲಿಸೆಕೆಂಡ್. ಅಷ್ಟು ಕಾಯದೆ ಫಾಸ್ಟ್ ರೀಟ್ರಾನ್ಸ್‌ಮಿಟ್ ಆಗಬೇಕಾದರೆ ಕಳೆದ ಪ್ಯಾಕೆಟ್ ಹಿಂದೆಯೇ ಇನ್ನಷ್ಟು ಬಂದು, ಅದು ಕಾಣೆಯಾಗಿದೆ ಎಂಬ ವರದಿ ಮೂರು ಸಲ ತಲುಪಬೇಕು. ಎಫ್1-ಸಿಯಲ್ಲಿ ಅಷ್ಟು ಓಡಾಟವೇ ಇರುವುದಿಲ್ಲ. ಹಾಗಾಗಿ ಒಂದು ಪ್ಯಾಕೆಟ್ ಹೋದರೆ ಪೂರ್ತಿ ಒಂದು ಸೆಕೆಂಡ್ ಕಾಯುವಿಕೆ, ಅಷ್ಟರಲ್ಲಿ ನಿಮ್ಮ ಟಿ310 ಮುಗಿದಿರಬಹುದು.

ಆರ್‌ಟಿಒ_ಮಿನ್ 100, ಸ್ಯಾಕ್_ಟೈಮ್‌ಔಟ್ (ಪ್ಯಾಕೆಟ್ ಸಿಕ್ಕಿತೆಂಬ ಒಪ್ಪಿಗೆಯನ್ನು ತಡೆದಿಡುವ ಸಮಯ) 20 ಮಾಡಿ. ಎರಡನೆಯದನ್ನು ಮರೆತರೆ (ಡೀಫಾಲ್ಟ್ 200) ಎದುರು ಕಡೆಯ ಒಪ್ಪಿಗೆ ಬರುವ ಮೊದಲೇ ಸುಮ್ಮಸುಮ್ಮನೆ ಮರುರವಾನೆ ನಡೆಯುತ್ತದೆ. ರಿಕ್ವೆಸ್ಟ್ ಮತ್ತೆ ಕಳಿಸುವುದು ಸಿಯು, ರೆಸ್ಪಾನ್ಸ್ ಮತ್ತೆ ಕಳಿಸುವುದು ಡಿಯು, ಆದ್ದರಿಂದ ಎರಡೂ ಕಡೆ ಬದಲಿಸಬೇಕು. ಹೊಸ ಅಸೋಸಿಯೇಷನ್‌ಗೆ (ಎಸ್‌ಸಿಟಿಪಿ ಸಂಪರ್ಕಕ್ಕೆ) ಮಾತ್ರ ಅನ್ವಯ, ಎಫ್1 ರೀಸ್ಟಾರ್ಟ್ ಮಾಡಿ. ಸಾಫ್ಟ್‌ವೇರ್ ತಾನೇ ಸಾಕೆಟ್‌ನಲ್ಲಿ ಆರ್‌ಟಿಒ ಹಾಕಿಕೊಂಡಿದ್ದರೆ ಈ ಸಿಸ್‌ಸಿಟಿಎಲ್ (ಲಿನಕ್ಸ್ ಕರ್ನಲ್ ಸೆಟ್ಟಿಂಗ್) ಯಾವ ಕೆಲಸಕ್ಕೂ ಬಾರದು. ಉತ್ಸಾಹದಲ್ಲಿ ಆರ್‌ಟಿಒ_ಮ್ಯಾಕ್ಸ್ ಅನ್ನೂ 400ಕ್ಕೆ ಎಳೆಯಬೇಡಿ: ಡೀಫಾಲ್ಟ್ 10 ಮರುಪ್ರಯತ್ನಗಳು ನಾಲ್ಕು ಸೆಕೆಂಡಿನಲ್ಲೇ ಮುಗಿದು ಅಸೋಸಿಯೇಷನ್ ಬಿದ್ದರೆ ಆ ಡಿಯುನ ಎಲ್ಲ ಫೋನ್‌ಗಳಿಗೂ ಪೆಟ್ಟು.

ಇದು ನೋವಿನ ಮಾತ್ರೆ ಅಷ್ಟೇ. ಪ್ಯಾಕೆಟ್ ಏಕೆ ಬೀಳುತ್ತಿದೆ? ಎಫ್1-ಸಿ, ಎಫ್1-ಯು (ಡೇಟಾ ಕೊಂಡಿ) ಎರಡೂ ಒಂದೇ ಕ್ಯೂನಲ್ಲಿದ್ದರೆ ಡೇಟಾ ನುಗ್ಗಿದಾಗ ಸಿಗ್ನಲಿಂಗೂ ಬೀಳುತ್ತದೆ. ಎಫ್1-ಸಿಗೆ ಬೇರೆ ಡಿಎಸ್‌ಸಿಪಿ (ಪ್ಯಾಕೆಟ್‌ನ ಆದ್ಯತೆ ಗುರುತು) ಹಾಕಿ, ದಾರಿಯಲ್ಲಿರುವ ಪ್ರತಿ ಸ್ವಿಚ್ ಅದನ್ನು ಗೌರವಿಸುತ್ತಿದೆಯೇ ಎಂದು ಕ್ಯೂ ಕೌಂಟರ್‌ನಲ್ಲಿ ನೋಡಿ.

ತರಂಗಾಂತರ:
ಒಪ್ಪಿದೆ. ಕಂಡಿಷನಲ್ ಹ್ಯಾಂಡೋವರ್ (3ಜಿಪಿಪಿ ಮಾನದಂಡದ ರಿಲೀಸ್ 16) ಬೇಕೇ ಎಂದರೆ, ಮೇಲಿನದ್ದು ಸರಿಯಾದ ಮೇಲೆ. ತಯಾರಿಗೆ ಎ3 ಆಫ್‌ಸೆಟ್ -3 ಡಿಬಿ ಇಟ್ಟರೆ ಹಳೆ ಸೆಲ್ ಇನ್ನೂ ಗಟ್ಟಿಯಾಗಿರುವಾಗಲೇ ಆಜ್ಞೆ ತಲುಪುತ್ತದೆ. ಹೊರಡುವ ಷರತ್ತು ಈಗಿನ 3 ಡಿಬಿಯೇ ಇರಲಿ, ಪಿಂಗ್-ಪಾಂಗ್ ಏರುವುದಿಲ್ಲ. 8 ಸೆಲ್‌ವರೆಗೆ ಅವಕಾಶವಿದೆ, ಆದರೆ ಹೆದ್ದಾರಿಗೆ ಎರಡು ಧಾರಾಳ ಸಾಕು. ಡೆಡಿಕೇಟೆಡ್ ಪ್ರಿಯಾಂಬಲ್ (ಒಂದು ಫೋನಿಗೇ ಮೀಸಲಾದ ಪ್ರವೇಶ ಸಂಕೇತ) ಕೊಟ್ಟಿದ್ದರೆ ಒಂದು ರ‍್ಯಾಕ್ (ರ‍್ಯಾಂಡಮ್ ಆಕ್ಸೆಸ್) ಅವಕಾಶಕ್ಕೆ ಇರುವ 64ರಲ್ಲಿ ಅಷ್ಟು ಸುಮ್ಮನೆ ಕಟ್ಟಿಹಾಕಿದಂತೆ.

ಫೋನ್ ಯಾವ ಕ್ಷಣ ಹೊರಟಿತೆಂದು ಸಿಯುಗೆ ಗೊತ್ತಾಗುವುದು ಹೊಸ ಡಿಯು ಕಳಿಸುವ ಆಕ್ಸೆಸ್ ಸಕ್ಸೆಸ್ ಸಂದೇಶದಿಂದ. ನಿಮ್ಮ ಡಿಯು ಅದನ್ನು ಕಳಿಸುತ್ತದೆಯೇ ನೋಡಿ, ಇಲ್ಲದಿದ್ದರೆ ಡೌನ್‌ಲಿಂಕ್ ಡೇಟಾ ಹಳೆ ಡಿಯುಗೇ ಹೋಗುತ್ತಿರುತ್ತದೆ. ಮತ್ತೆ, ಪಿಡಿಸಿಪಿ (ಗೂಢಲಿಪೀಕರಣ, ಕ್ರಮಸಂಖ್ಯೆ ನೋಡುವ ಪದರ) ಸಿಯುನಲ್ಲೇ ಉಳಿಯುವುದರಿಂದ ಕೀ ಬದಲಿಸಲೇಬೇಕೆಂದಿಲ್ಲ. ಎಎಂ (ಒಪ್ಪಿಗೆ ಪಡೆದು ಕಳಿಸುವ) ಬೇರರ್‌ಗೆ ರೀಎಸ್ಟಾಬ್ಲಿಶ್‌ಪಿಡಿಸಿಪಿ ಬದಲು ರಿಕವರ್‌ಪಿಡಿಸಿಪಿ (ತಲುಪದ ಪ್ಯಾಕೆಟ್ ಮಾತ್ರ ಮತ್ತೆ ಕಳಿಸುವುದು) ಸಾಕು.

ಅಲೆಮಾರಿ_ಯುಇ:
ಎಲ್‌ಟಿಎಂ (ಎಲ್1/ಎಲ್2 ಎಂಬ ಕೆಳ ಪದರಗಳಲ್ಲೇ ಸೆಲ್ ಬದಲಿಸುವ ವಿಧಾನ) ಯಾರೂ ಹೇಳಲಿಲ್ಲ. ರಿಲೀಸ್ 18ರದ್ದು: ಅಭ್ಯರ್ಥಿ ಸೆಲ್‌ಗಳನ್ನು ಸಿಯು ಮೊದಲೇ ಸಿದ್ಧಪಡಿಸಿಡುತ್ತದೆ, ಹೊರಡಿಸುವ ತೀರ್ಮಾನ ಹಳೆ ಡಿಯುನದ್ದು, ಆಜ್ಞೆ ಮ್ಯಾಕ್ ಸಿಇಯಲ್ಲಿ (ಡಿಯು ನೇರ ಫೋನಿಗೆ ಕಳಿಸುವ ಪುಟ್ಟ ಸಂದೇಶ). ಆ ಹೊತ್ತಿಗೆ ಎಫ್1 ಸುತ್ತಾಟವಿಲ್ಲ. ಟೈಮಿಂಗ್ ಅಡ್ವಾನ್ಸ್ (ದೂರಕ್ಕೆ ತಕ್ಕಂತೆ ಫೋನ್ ಎಷ್ಟು ಮುಂಚಿತವಾಗಿ ಕಳಿಸಬೇಕೆಂಬ ಅಳತೆ) ಮುಂಚೆಯೇ ಪಡೆದಿದ್ದರೆ ರ‍್ಯಾಂಡಮ್ ಆಕ್ಸೆಸನ್ನೂ ಬಿಡಬಹುದು. ಬೇರೆ ಡಿಯು ಆದರೆ ಆ ಮೌಲ್ಯ ಹೊಸ ಡಿಯುನಿಂದ ಸಿಯು ಮೂಲಕ ಹಳೆಯದಕ್ಕೆ ಬರಬೇಕು. ಎಫ್1-ಸಿ ಪ್ಯಾಕೆಟ್ ಬೀಳುತ್ತಿದ್ದರೆ ಇಲ್ಲೂ ಅದೇ ಕಥೆ. ಎಲ್1 (ಭೌತಿಕ ಪದರದ) ಅಳತೆಗೆ ಎಲ್3 ಫಿಲ್ಟರ್ (ಅಳತೆಯನ್ನು ನಯಗೊಳಿಸುವುದು) ಇಲ್ಲದ್ದರಿಂದ ಏರಿಳಿತ ಜಾಸ್ತಿ, ಡಿಯು ತಾನೇ ಸರಾಸರಿ ಮಾಡಿಕೊಳ್ಳಬೇಕು. ರಿಲೀಸ್ 18ರಲ್ಲಿ ಒಂದೇ ಸಿಯು ಒಳಗೆ ಮಾತ್ರ, ನಿಮ್ಮ ಜೋಡಣೆಗೆ ಅಡ್ಡಿಯಿಲ್ಲ. ಯೋಜನೆ ಹಾಕುವ ಮೊದಲು ಫೋನ್‌ಗಳ ಯುಇ ಕೇಪಬಿಲಿಟಿ ಲಾಗ್ ತೆಗೆದು, ಎಷ್ಟರಲ್ಲಿ ಎಲ್‌ಟಿಎಂ ಬಿಟ್ ಇದೆ ಎಣಿಸಿ.