ಬೆಕ್ಕಿಗೆ ಪೇಢಾ ರುಚಿ ಹತ್ತೂದಿಲ್ಲ

ಧಾರವಾಡದ ಆಷಾಢದ ಮಳೆ ಬಂತು ಅನ್ನುವಷ್ಟು ಬರುವುದಿಲ್ಲ, ನಿಂತಿತು ಅನ್ನುವಂತೆ ನಿಲ್ಲುವುದೂ ಇಲ್ಲ. ಅಂಥ ಜಿಟಿಜಿಟಿಯಲ್ಲಿ ಸಪ್ತಾಪುರದ ಚಾದಂಗಡಿಯ ತಗಡಿನ ಕೆಳಗೆ, ಖಾಲಿ ಸೋಡಾ ಕ್ರೇಟುಗಳ ಸಂದಿಯಲ್ಲಿ, ಅಂಗೈ ಅಗಲದ ಬೆಕ್ಕಿನ ಮರಿಯೊಂದು ಕೂತಿತ್ತು. ಬಿಳಿ, ಕರಿ, ಕೇಸರಿ, ಮೂರೂ ಬಣ್ಣ.

ಮಂಡಳಿ ಎಂದಿನದೇ. ದನದ ದವಾಖಾನಿಯಲ್ಲಿ ಕಂಪೌಂಡರಾಗಿ ನಿವೃತ್ತರಾದ ಕಾಕಾ, ಇತಿಹಾಸದ ಮಾಸ್ತರು, ಅಂಗಡಿಯ ಅಕ್ಕಾ, ಮನೆಯಲ್ಲೇ ಕೂತು ಬೆಂಗಳೂರಿನ ನೌಕರಿ ಮಾಡುವ ಹುಡುಗ. ಹುಡುಗ ಆಗಲೇ ಫೋಟೋ ಏರಿಸಿಬಿಟ್ಟಿದ್ದ.

"ಹತ್ತು ನಿಮಿಷಕ್ಕ ನಲವತ್ತು ಲೈಕ್ ಬಂದಾವ್ರೀ ಕಾಕಾ. ಎಲ್ಲಾರೂ 'ಮನೀಗೆ ಒಯ್ಯಿ' ಅನ್ನಾಕತ್ತಾರ. ಹೆಸರೂ ಇಟ್ಟಾರ, ರಾಜಾ ಅಂತ."

"ರಾಣಿ ಅನ್ನು," ಎಂದರು ಕಾಕಾ, ಬಸಿಯಿಂದ ತಲೆ ಎತ್ತದೆ. "ಮೂರು ಬಣ್ಣ ಇದ್ರ ಅದು ಹೆಣ್ಣ. ಕರೀದೋ ಕೇಸರೀದೋ ಅನ್ನೂದು ಎಕ್ಸ್ ಕ್ರೋಮೋಸೋಮಿನ ಮ್ಯಾಲೆ ಬರದಿರತೈತಿ. ಎರಡೂ ಬಣ್ಣ ಬೇಕಂದ್ರ ಎಕ್ಸ್ ಎರಡು ಬೇಕು. ಗಂಡಿಗೆ ಇರೂದು ಒಂದ. ಎಲ್ಲೋ ಅಪರೂಪಕ್ಕೊಂದು ಗಂಡು ಹುಟ್ಟತೈತಿ, ಅದಕ್ಕ ಹೆಚ್ಚಾಗಿ ಮರಿ ಆಗೂದಿಲ್ಲ."

"ಗಂಡೋ ಹೆಣ್ಣೋ, ಹಸದೈತ್ರಿ ಪಾಪ. ಒಂದೀಟು ಹಾಲ್ ಹಾಕ್ಲೇನು?" ಅಕ್ಕಾ ಪಾತೇಲಿಗೆ ಕೈ ಹಾಕಿದರು.

"ಹಾಲು ಬ್ಯಾಡ. ಒಂದು ಮುಷ್ಟಿ ಜ್ವಾಳದ ಹಿಟ್ಟು ಕೊಡು."

"ಬೆಕ್ಕು ರೊಟ್ಟಿ ಬಡೀತೈತೇನ್ರಿ?"

ಕಾಕಾ ಉತ್ತರ ಕೊಡಲಿಲ್ಲ. ಹಿಟ್ಟನ್ನು ಕ್ರೇಟಿನ ಸುತ್ತ, ನೆಲ ಒಣಗಿದ್ದ ಕಡೆ, ಗೇಣಗಲಕ್ಕೆ ತೆಳ್ಳಗೆ ಉದುರಿಸಿದರು. ರಂಗೋಲಿ ಬಿಡಿಸಲಿಕ್ಕೆ ಬಾರದವರು ಬಿಡಿಸಿದ ಹಾಗಿತ್ತು. ಆಮೇಲೆ ಎಲ್ಲರನ್ನೂ ಎದುರಿನ ಝೆರಾಕ್ಸ್ ಅಂಗಡಿಯ ಕಟ್ಟೆಗೆ ಎಬ್ಬಿಸಿಕೊಂಡು ಹೋದರು.

"ಮೊದಲ ಅದು ತಬ್ಬಲಿ ಹೌದೋ ಅಲ್ಲೋ ನೋಡಬೇಕೋ ತಮ್ಮಾ. ತಾಯಿ ಬೇಟೆಗೆ ಹೋದ್ರ ತಾಸುಗಟ್ಟಲೆ ಬರೂದಿಲ್ಲ. ಮರಿ ಒದರಲಾರದ ಸುಮ್ನ ಕುಂತೈತಿ, ಹೊಟ್ಟಿ ತುಂಬಿಧಂಗ ಕಾಣತೈತಿ ಅಂದ್ರ ತಾಯಿ ಇಲ್ಲೇ ಎಲ್ಲೋ ಐತಿ. ನಾವು ನೆತ್ತಿ ಮ್ಯಾಲೆ ನಿಂತು ಫೋಟೋ ಹೊಡಕೋತ ಕುಂತ್ರ ಅದು ಬರೂದ ಇಲ್ಲ. ಬಂದ್ರ ಹಿಟ್ಟಿನ್ಯಾಗ ಹೆಜ್ಜಿ ಮೂಡತಾವು. ಇಲ್ಲಂದ್ರ, ಸಂಜೀಮಟಾ ನೋಡಿ ಆಮ್ಯಾಲೆ ಎತ್ತೂದು."

"ಹಾಲು ಯಾಕ ಬ್ಯಾಡ್ರಿ? ಚಿತ್ರದಾಗೆಲ್ಲಾ ಬೆಕ್ಕಿನ ಮುಂದ ಹಾಲಿನ ಬಟ್ಟಲ ಇರತೈತಿ."

"ಚಿತ್ರ ಬರದಾಂವ ಆಮ್ಯಾಲೆ ಅರಬಿ ತಗೊಂಡು ನೆಲ ಒರಸಿಲ್ಲ. ಆಕಳ ಹಾಲಿನ್ಯಾಗಿನ ಲ್ಯಾಕ್ಟೋಸು ಬೆಕ್ಕಿಗೆ ಸರಿಯಾಗಿ ಅರಗೂದಿಲ್ಲ. ದೊಡ್ಡ ಬೆಕ್ಕಿಗೆ ಒಂದೆರಡು ದಿನ ಹೊಟ್ಟಿ ಕೆಡತೈತಿ, ಅಷ್ಟ. ಅರ್ಧ ಕಿಲೋ ಇಲ್ಲದ ಮರಿಗೆ ಜುಲಾಬ ಹತ್ತಿದ್ರ ಮೈಯಾಗಿನ ನೀರು ಹೋಗಿ ಒಂದ ದಿನದಾಗ ಕೈ ಬಿಡತೈತಿ. ಎಳೀ ಮರಿಗೆ ಅಂತನ ಹಾಲಿನ ಪುಡಿ ಸಿಗತೈತಿ, ಅದನ್ನ ಉಗುರುಬೆಚ್ಚಗಿನ ನೀರಾಗ ಕಲಸಬೇಕು. ಮರಿ ತಣ್ಣಗಿದ್ರ ಮೊದಲ ಮೈ ಬೆಚ್ಚಗ ಮಾಡಬೇಕು. ಬಿಸಿನೀರಿನ ಬಾಟ್ಲಿಗೆ ಟಾವೆಲ್ ಸುತ್ತಿ ಮಗ್ಗಲಕ್ಕಿಡೂದು. ತಣ್ಣಗಿನ ಮೈಗೆ ಹಾಲು ಹಾಕಿದ್ರ ಅರಗೂದಿಲ್ಲ. ಇನ್ನ, ಕೂಸಿನಂಗ ಮಲಗಿಸಿ ಹಾಲು ಕುಡಿಸೋ ವಿಡಿಯೋ ಬರತಾವಲ್ಲಾ? ಹಾಲು ಸೀದಾ ಪುಪ್ಪುಸಕ್ಕ ಇಳೀತೈತಿ. ಬೆಕ್ಕಿನ ಮರಿ ಹೊಟ್ಟಿ ಕೆಳಗ ಮಾಡಿ ಕುಂತ ಕುಡೀಬೇಕು."

"ಇದಕ್ಕ ಎಷ್ಟ್ ದಿನ ಆಗಿರಬೇಕ್ರಿ?"

"ಹುಟ್ಟಿದಾಗ 100 ಗ್ರಾಂ ಇರತೈತಿ, ವಾರಕ್ಕ ಹತ್ತತ್ತರ 100 ಗ್ರಾಂ ಏರತೈತಿ. ಕೋರೆಹಲ್ಲು ಬರೂದು ಮೂರ್ನಾಕು ವಾರಕ್ಕ. ಇದು ತಪ್ಪಹೆಜ್ಜಿ ಇಡಲಾರದ ನಡೀತೈತಿ, ಕಣ್ಣು ಇನ್ನೂ ನೀಲಿ ಅದಾವು. ಐದು ವಾರದ್ದಿರಬೇಕು. ಎಂಟು ವಾರಮಟಾ ತಾಯಿ ಕಡೆ ಇದ್ರ ಛಲೋ. ಕಡಿಯೂದು ಎಷ್ಟು, ಪರಚೂದು ಎಷ್ಟು ಅನ್ನೋ ಲೆಕ್ಕ ತಾಯಿ, ಒಡಹುಟ್ಟಿದವು ಕಲಸತಾವು."

ಮಾಸ್ತರು ಇಷ್ಟೊತ್ತು ಸುಮ್ಮನಿದ್ದದ್ದೇ ಹೆಚ್ಚು. "ಬೆಕ್ಕು ಸಾಕ್ತೀವಿ ಅಂತೀರಲ್ಲ, ಆ ಶಬ್ದನ ತಪ್ಪದ. ಮನುಷ್ಯಾ ಬೆಕ್ಕು ಸಾಕಲಿಲ್ಲ. ಹತ್ತು ಸಾವಿರ ವರ್ಷದ ಹಿಂದ ಪಶ್ಚಿಮ ಏಷ್ಯಾದಾಗ ಕಾಳು ಬೆಳದು ಕೂಡಿಟ್ಟಾ. ಕಾಳಿಗೆ ಇಲಿ ಬಂತು, ಇಲಿಗೆ ಕಾಡಬೆಕ್ಕು ಬಂತು. ನಮ್ಮ ಕಡೆ ಕಾಳು ತುಂಬೋ ಹಗೇವಿನ ಬಾಯಾಗ ಬೆಕ್ಕು ಕಾವಲಾ ಕೂಡ್ತಿತ್ತಲ್ಲ, ಅದ ಒಪ್ಪಂದ. ಕೂಲಿ ಇಲಿ ರೂಪದಾಗ, ರಜಾ ತನಗ ಬೇಕಾದಾಗ. ಸೈಪ್ರಸ್ ನಡುಗಡ್ಡಿಯೊಳಗ 9,500 ವರ್ಷದ ಹಳೇ ಗೋರಿ ಸಿಕ್ಕದ, ಮನುಷ್ಯಾನ ಮಗ್ಗಲಕ್ಕ ಬೆಕ್ಕು. ಆ ನಡುಗಡ್ಡಿಗೆ ಬೆಕ್ಕು ಈಜಿ ಹೋಗೂ ಹಂಗಿಲ್ಲ. ಅಂದ್ರ ದೋಣ್ಯಾಗ ಯಾರೋ ಒಯ್ದಾರ."

"ಬೆಕ್ಕನ್ನ ದೋಣ್ಯಾಗ? ಅವರ ಕೈ ಪರಚಿ ರಕ್ತ ಬಂದಿರಬೇಕು," ಎಂದರು ಅಕ್ಕಾ. ಎಲ್ಲ ಇತಿಹಾಸಕಾರರೂ ಬಿಟ್ಟ ಅಂಶ ಇದು.

"ಈಜಿಪ್ತದಾಗ ದೇವತಿ ಮಾಡಿದ್ರಲ್ರಿ?" ಹುಡುಗನಿಗೆ ಅಷ್ಟು ಗೊತ್ತಿತ್ತು.

"ಬಾಸ್ಟೆಟ್. ಮನೀ ಬೆಕ್ಕು ಸತ್ರ ಮನೀ ಮಂದಿ ಹುಬ್ಬು ಬೋಳಿಸ್ಕೋತಿದ್ರು ಅಂತ ಹೆರೊಡೋಟಸ್ ಬರದಾನ. ಕಡೀಕೇನಾತು? 1890ರಾಗ ಅಲ್ಲಿಂದ ಸುಮಾರು 19 ಟನ್ ಬೆಕ್ಕಿನ ಮಮ್ಮಿ ಹಡಗಿನ್ಯಾಗ ಲಿವರ್‌ಪೂಲಿಗೆ ಹೋದವು. ಪೂಜಾಕ್ಕಲ್ಲಪ್ಪಾ, ಪುಡಿ ಮಾಡಿ ಹೊಲಕ್ಕ ಗೊಬ್ಬರಾ ಹಾಕಲಿಕ್ಕೆ. ನಮ್ಮವರು ಜಾಣರು, ಮೊದಲ ಸಂಶಯಾ ಪಟ್ರು. ಮಹಾಬಲಿಪುರದ ಬಂಡಿಗಲ್ಲಿನ ಮ್ಯಾಲೆ ಏಳನೇ ಶತಮಾನದೊಳಗ ಕೆತ್ತ್ಯಾರ: ಬೆಕ್ಕು ಎರಡೂ ಕೈ ಮ್ಯಾಲೆತ್ತಿ ತಪಸ್ಸು ಮಾಡ್ತದ, ಕಾಲ ಬುಡಕ ಇಲಿಗೋಳು ಭಕ್ತರು. ಅಲ್ಲೇ ವೈಷ್ಣವರೊಳಗ ಮಾರ್ಜಾಲ ಕಿಶೋರ ನ್ಯಾಯ ಅಂತ ಇನ್ನೊಂದು. ಮಂಗ್ಯಾನ ಮರಿ ತಾನ ತಾಯೀನ್ನ ಬಿಗಿಯಾಗಿ ಹಿಡೀಬೇಕು. ಬೆಕ್ಕಿನ ಮರಿಗೆ ಆ ಚಿಂತಿ ಇಲ್ಲ, ತಾಯಿನ ಕಚ್ಚಿಕೊಂಡು ಒಯ್ತದ. ದೇವರು ಭಕ್ತನ್ನ ಹಂಗ ಎತ್ತತಾನ ಅಂತ ಒಂದು ಪಂಥ."

"ನನ್ನನ್ನೂ ಹಂಗ ಯಾರರೆ ಎತ್ತಿ ಆಫೀಸ್ ಮೀಟಿಂಗಿನಿಂದ ಹೊರಗ ಒಯ್ಯಲಿ," ಎಂದ ಹುಡುಗ. "ಇರ್ಲಿ, ಇದಕ್ಕ ಏನು ತಿನಿಸೂದು ಅದನ್ನ ಹೇಳ್ರಿ. ನಮ್ಮನ್ಯಾಗ ತತ್ತಿ ಸೈತ ಒಳಗ ಬರೂದಿಲ್ಲ. ಅವ್ವ ಮೊಸರನ್ನ ಹಾಕತಾಳ, ಹಬ್ಬಕ್ಕೊಂದು ಪೇಢಾ."

"ಪೇಢಾ ನೀ ತಿನ್ನು. ಬೆಕ್ಕಿಗೆ ಸಿಹಿ ರುಚೀನ ಹತ್ತೂದಿಲ್ಲ. ಸಿಹಿ ಹಿಡಿಯೋ ಜೀನ್ ಕೆಟ್ಟು ಕುಂತಾವ ಅಂತ 2005ರಾಗ ಗೊತ್ತಾತು. ಲೈನ್ ಬಜಾರದ ಪೇಢಾ ಅದರ ಬಾಯಾಗ ಬರೇ ತುಪ್ಪದ ಮಣ್ಣು."

ಈ ಮಾತಿಗೆ ಧಾರವಾಡದ ಕಟ್ಟೆಯ ಮೇಲೆ ಎರಡು ನಿಮಿಷ ಮೌನ. ಇಂಥ ಪ್ರಾಣಿಯನ್ನು ಊರೊಳಗೆ ಬಿಟ್ಟವರಾರು ಎಂದು ಮಾಸ್ತರು ಗೊಣಗಿದರು.

"ಮೊಸರನ್ನ ನೆಕ್ಕತೈತಿ, ಇಲ್ಲ ಅನ್ನೂದಿಲ್ಲ," ಕಾಕಾ ಮುಂದುವರಿದರು. "ಆದ್ರ ಮನೀ ಮೊಸರನ್ನದ ಬೆಕ್ಕು ಹಿತ್ತಲದಾಗ ಹಲ್ಲಿ, ಇಲಿ ತಿಂದು ಉಳದಿರತೈತಿ. ಬಾಗಲಾ ಹಾಕಿ ಒಳಗಿಟ್ಟು ಬರೇ ಅನ್ನಾ ಹಾಕಿದ್ರ ಕೆಲಸ ಕೆಡತೈತಿ. ಟಾರಿನ್ ಅಂತ ಒಂದು ಸತ್ವ ಐತಿ, ಬೆಕ್ಕಿನ ಮೈ ಅದನ್ನ ಬೇಕಾದಷ್ಟು ತಯಾರ ಮಾಡಕೊಳ್ಳೂದಿಲ್ಲ. ಮಾಂಸದಾಗ ಐತಿ, ಕಾಳುಕಡ್ಡ್ಯಾಗ ಇಲ್ಲ. ಅದು ತಪ್ಪಿದ್ರ ತಿಂಗಳಾನಗಟ್ಟಲೆ ಏನೂ ಕಾಣೂದಿಲ್ಲ, ಆಮ್ಯಾಲೆ ಕಣ್ಣಿನ ಪರದೆ ಹಾಳಾಗತೈತಿ, ಗುಂಡಿಗಿ ಊದತೈತಿ. ನಾಯಿದು ಪಾಕೀಟು ಸಸ್ತಾ ಸಿಗತೈತಿ ಅಂತ ಹಾಕಿದ್ರೂ ಅದ ಗತಿ, ಅದನ್ನ ಬೆಕ್ಕಿನ ಲೆಕ್ಕಕ್ಕ ಮಾಡಿರೂದಿಲ್ಲ. ಅವ್ವಗ ಹೇಳು, ಬೆಕ್ಕಿನ ಒಣಾ ಪಾಕೀಟು ನೋಡಾಕ ಚುರಮರಿ ಇದ್ದಂಗ ಇರತೈತಿ, ಮಡಿಗೆ ತ್ರಾಸಿಲ್ಲ. ನಾಕು ಕಿಲೋ ಬೆಕ್ಕಿಗೆ ದಿನಕ್ಕ 50ರಿಂದ 60 ಗ್ರಾಂ ಸಾಕು, ತೂಗಿ ಹಾಕು. ಬಟ್ಟಲ ತುಂಬಿಟ್ರ ಆರು ತಿಂಗಳಿಗೆ ಗುಡಾಣ ಆಗತೈತಿ. ನೀರಿನ ಬಟ್ಟಲ ಊಟದಿಂದ ದೂರ ಇಡು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಸಾರು ಮಾತ್ರ ಬ್ಯಾಡವ ಬ್ಯಾಡ, ರಕ್ತದ ಕೆಂಪುಕಣ ಒಡೀತಾವು."

ಹುಡುಗ ಫೋನ್ ತೋರಿಸಿದ. ಅಂಗಡಿಗೆ ಹೋಗದೆಯೇ ಬುಟ್ಟಿ ತುಂಬಿಸಿಬಿಟ್ಟಿದ್ದ: ಮಖಮಲ್ಲಿನ ಹಾಸಿಗೆ, ಗಂಟೆ ಕಟ್ಟಿದ ಪಟ್ಟಿ, ಗುಲಾಬಿ ವಾಸನೆಯ ಹೇಲುಸುಕು, ಮೇಲೆ ಮುಚ್ಚಳವಿದ್ದ ಡಬ್ಬಿ. ಒಟ್ಟು 3,240 ರೂಪಾಯಿ.

"ಇಲಿಗೋಳೆಲ್ಲಾ ಕೂಡಿ ಬೆಕ್ಕಿಗೆ ಗಂಟಿ ಕಟ್ಟಾವ್ರು ಯಾರಂತ ಎಷ್ಟು ಮೀಟಿಂಗ್ ಮಾಡಿದ್ವು! 149 ರೂಪಾಯಿಗೆ ಮುಗದಹೋತು," ಎಂದರು ಮಾಸ್ತರು.

"ಪಟ್ಟಿ ಬೇಕಾದ್ರ ಜಗ್ಗಿದ್ರ ತಾನ ಬಿಚ್ಚೂವಂಥಾದ್ದು ತಗೋ, ಇಲ್ಲಂದ್ರ ಗಿಡದ ಟೊಂಗಿಗೆ ಸಿಕ್ಕು ನೇಣಾಗತೈತಿ. ಹಾಸಿಗಿ ಬಿಡು, ಅದು ಬಂದ ರಟ್ಟಿನ ಡಬ್ಬ್ಯಾಗ ಮಲಗತೈತಿ. ಈಗ ಖರೇ ಕೆಲಸಕ್ಕ ಬಾ, ಹೇಲೂದಕ್ಕ. ಬೆಕ್ಕು ಮನ್ಯಾಗ ಉಳಿಯೂದು, ಹೊರಗ ಬೀಳೂದು ಇದರ ಮ್ಯಾಲನ. ಹೇಲೂ ತಾಟು ಬೆಕ್ಕಿನ ಉದ್ದದ ಒಂದೂವರಿಪಟ್ಟು ಇರಬೇಕು, ಮರಿಗೆ ದಂಡಿ ಎರಡು ಬೆರಳು ಎತ್ತರಿದ್ರ ಸಾಕು, ಹತ್ತಾಕ ಬರಬೇಕಲ್ಲಾ. ಮುಚ್ಚಳಾ ಬ್ಯಾಡ. ಒಳಗ ವಾಸನಿ ತುಂಬತೈತಿ, ನಮಗ ಗೊತ್ತಾಗೂದಿಲ್ಲ, ಅದಕ್ಕ ಗೊತ್ತಾಗತೈತಿ. ಗುಲಾಬಿ ವಾಸನಿನೂ ಬ್ಯಾಡ. ಓಣ್ಯಾಗಿಂದು ಮಣ್ಣಿನ ರೂಢೀದು, ಅದಕ್ಕ ಮೊದಲ ಹಿತ್ತಲ ಮಣ್ಣು, ಸಾಣಿಸಿದ ಉಸುಕು ಅರ್ಧರ್ಧ ಕೂಡಿಸಿ ಒಂದು ಇಂಚ ಹಾಕು. ವಾರದ ಮ್ಯಾಲೆ ಅಂಗಡೀದು ಒಂದೊಂದ ಮುಷ್ಟಿ ಬೆರಸಕೋತ ಹೋಗು. ಗಟ್ಟಿ ಉಂಡಿ ಆಗೋ ಜಾತೀದು ನಾಕು ತಿಂಗಳಮಟಾ ಬ್ಯಾಡ, ಮರಿಗೋಳು ಅದನ್ನ ತಿಂತಾವು, ಹೊಟ್ಟ್ಯಾಗೂ ಉಂಡಿ ಆಗತೈತಿ. ಒಂದು ಬೆಕ್ಕಿಗೆ ಎರಡು ತಾಟು, ಎರಡಕ್ಕ ಮೂರು. ದಿನಾ ತಗೀಬೇಕು. ಬೆಕ್ಕಿನ ಹೇಲಿನ್ಯಾಗ ಬರೋ ಟಾಕ್ಸೋಪ್ಲಾಸ್ಮಾ ಅನ್ನೋ ರೋಗಾಣುವಿನ ತತ್ತಿ ಹತ್ತೂವಂಥಾದ್ದಾಗಾಕ ಒಂದ ದಿನ ಬೇಕು, ಅಷ್ಟರಾಗ ಬಳದ್ರ ಹೆದರಿಕಿಲ್ಲ. ಮನ್ಯಾಗ ಬಸುರಿ ಇದ್ರ ಆಕಿ ಮುಟ್ಟೂದು ಬ್ಯಾಡ, ನೀನ ತಗಿ."

"ತಾಟು ಬಿಟ್ಟು ಮೂಲ್ಯಾಗ ಮಾಡಿದ್ರ?"

"ಫಿನೈಲ್ ಹಾಕಿ ಒರಸಬ್ಯಾಡ. ಅದು ಕಾಲಿಗೆ ಹತ್ತಿ, ಕಾಲು ನೆಕ್ಕಿ, ಲಿವರ್ ಕೆಡಸಕೋತೈತಿ. ಅಮೋನಿಯಾ ಇರೋ ದ್ರಾವಣ ಇನ್ನೂ ಚಂದ, ಅದರ ವಾಸನಿ ಉಚ್ಚಿಯಂಗ ಇರೂದ್ರಿಂದ 'ಇದ ನನ್ನ ಜಾಗಾ' ಅಂತ ಅಲ್ಲೇ ಮತ್ತ ಕುಂದರತೈತಿ. ಇನ್ನೊಂದು ನೆಪ್ಪಿಡು: ಗಂಡು ಬೆಕ್ಕು ಮತ್ತ ಮತ್ತ ತಾಟಿಗೆ ಹೋಗಿ ತಿಣಕಿ ಒಂದ ಹನಿನೂ ಬರಲಿಲ್ಲಂದ್ರ ಅದು ಹಟ ಅಲ್ಲ, ಉಚ್ಚಿ ಕಟ್ಟೇತಿ. ಅವತ್ತ ದವಾಖಾನಿಗೆ ಒಯ್ಯಬೇಕು, ನಾಳೆ ಅಂದ್ರ ಸಾಯತೈತಿ."

ಅಕ್ಕಾ ಎರಡನೇ ಸುತ್ತಿನ ಚಹಾ, ಜೊತೆಗೆ ಗಿರಮಿಟ್ಟು ತಂದಿಟ್ಟರು. ಉಳ್ಳಾಗಡ್ಡಿ ಮೇಲೇ ಇತ್ತು. ಕಾಕಾ ಅದನ್ನು ಹುಡುಗನ ಕಡೆ ಸರಿಸಿದರು, ಅವನ ರಕ್ತಕ್ಕೆ ಚಿಂತೆ ಇಲ್ಲವೆಂಬಂತೆ.

"ಆದ್ರೂ ಇಂಟರ್‌ನೆಟ್ ಇಲ್ದ ಬೆಕ್ಕಿಗೆ ಇಷ್ಟ್ ಮರ್ಯಾದಿ ಬರತಿತ್ತೇನ್ರಿ? 2012ರಾಗ ಗೂಗಲ್‌ನವರು 16,000 ಪ್ರೊಸೆಸರ್ ಕೂಡಿಸಿ, ಯೂಟ್ಯೂಬಿನ ಒಂದು ಕೋಟಿ ಚಿತ್ರ ತೋರಿಸಿದ್ರು. ಯಾರೂ ಹೇಳಿಕೊಡಲಾರದ ಕಂಪ್ಯೂಟರ್ ತಾನ ಬೆಕ್ಕಿನ ಮಾರಿ ಗುರುತು ಹಿಡೀತು. 2023ರ ಡಿಸೆಂಬರ್‌ದಾಗ ನಾಸಾದವರು 3.1 ಕೋಟಿ ಕಿಲೋಮೀಟರ್ ದೂರದಿಂದ ಲೇಸರ್‌ನ್ಯಾಗ ವಿಡಿಯೋ ಕಳಿಸಿದ್ರು. ಯಾವ ವಿಡಿಯೋ? ಕೇಸರಿ ಬೆಕ್ಕು ಕೆಂಪು ಚುಕ್ಕಿ ಬೆನ್ನ ಹತ್ತಿದ್ದು! 15 ಸೆಕೆಂಡಿಂದು, ಭೂಮಿಗೆ 101 ಸೆಕೆಂಡಿನ್ಯಾಗ ಮುಟ್ಟೇತಿ."

"ನನ್ನ ಫೋನಿಗೆ ಮಗಳ ಫೋಟೋ ಕಲ್ಯಾಣನಗರದಿಂದ ಬರಾಕ ಅದಕಿಂತ ಹೆಚ್ಚಿಗೆ ಹಿಡೀತೈತಿ," ಎಂದರು ಅಕ್ಕಾ.

"ಕಂಪ್ಯೂಟರ್ ಮಾರಿ ಹಿಡೀತು, ಹೊಟ್ಟಿ ಹಿಡೀಲಿಲ್ಲ," ಎಂದರು ಕಾಕಾ. "ನಿಮ್ಮ ರೀಲಿನ್ಯಾಗ ಬೆಕ್ಕಿನ ಹಿಂದ ಸೌತಿಕಾಯಿ ಇಟ್ಟು ಜಿಗಿಸಿ ನಗತೀರಿ. ಉಣ್ಣೂ ಜಾಗದಾಗ ಅಂಜಿಕಿ ಹೊಕ್ಕರ ಅದು ಊಟ ಬಿಡತೈತಿ. ಬೆಕ್ಕು ಎರಡು ಮೂರು ದಿನ ಉಪಾಸ ಬಿದ್ರ ಲಿವರಿನ್ಯಾಗ ಕೊಬ್ಬು ತುಂಬತೈತಿ, ಅದರಾಗೂ ದಪ್ಪಂದಕ್ಕ. ಇನ್ನ ದಾರದ ಆಟ. ಬೆಕ್ಕಿನ ನಾಲಿಗಿ ಮ್ಯಾಲಿನ ಮುಳ್ಳು ಹಿಂದಕ್ಕ ಬಾಗಿರತಾವು, ಬಾಯಾಗ ಹೋದ ದಾರ ಉಗುಳಾಕ ಬರೂದಿಲ್ಲ, ಒಳಗ ಹೋಗಿ ಕರಳು ಕೊಯ್ಯತೈತಿ. ಬಾಲದ ಕಡೆ ದಾರ ಹೊರಗ ಬಂದ್ರ ಜಗ್ಗಬ್ಯಾಡ, ಹಂಗ ಒಯ್ಯಿ."

"ಮನೀಗೆ ಹೋದ ಕೂಡಲೇ ಏನು ಮಾಡಲಿ?"

"ಏನೂ ಮಾಡಬ್ಯಾಡ. ಅದ ಭಾಳ ಕಠಿಣ. ಒಂದು ಖೋಲಿ, ಅದರ ತಾಟು, ಒಂದು ಡಬ್ಬಿ, ಎರಡು ವಾರ. ಮಂಚದ ಬುಡಕ ಹೊಕ್ಕರ ಜಗ್ಗಬ್ಯಾಡ. ನೆಲದ ಮ್ಯಾಲೆ ಕುಂತು ಅದರ ಕಡೆ ನೋಡಿ ಸಾವಕಾಶ ಕಣ್ಣು ಮುಚ್ಚಿ ತಗಿ. ತಿರುಗಿ ಹಂಗ ಮಾಡಿದ್ರ ಮಾತಾತು ಅಂತ ತಿಳಿ. ಜ್ವರಾ ಬಂದ್ರ ನಿನ್ನ ಪ್ಯಾರಾಸಿಟಮಾಲ್ ಕೊಡಬ್ಯಾಡ, ಒಂದ ಗುಳಿಗಿಗೆ ಸಾಯತೈತಿ. ನಾಯಿಗೆ ಹಚ್ಚೋ ಉಣ್ಣಿ ಔಷಧನೂ ಬ್ಯಾಡ, ಅದರಾಗ ಇರೋ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಜಂತಿನ ಔಷಧ ತೂಕಾ ನೋಡಿ ಡಾಕ್ಟರ್ ಕೊಡತಾರ. ಎಂಟು ವಾರಕ್ಕ ಮೊದಲ ಲಸಿಕಿ, ಮೂರ್ನಾಕು ವಾರಕ್ಕೊಮ್ಮೆ ಹದಿನಾರು ವಾರಮಟಾ. ಮೂರು ತಿಂಗಳಿಗೆ ರೇಬಿಸ್. ಅದಕಿಂತ ಮೊದಲ ನಿನಗ ಪರಚಿದ್ರ, ಸಬಕಾರ ಹಚ್ಚಿ ಹರಿಯೋ ನೀರಾಗ 15 ನಿಮಿಷ ತೊಳಿ. ಗಡಿಯಾರ ನೋಡಿ 15. ಆಮ್ಯಾಲೆ ಸರಕಾರಿ ದವಾಖಾನಿಗೆ ಹೋಗು. ಅರಿಷಿಣ, ಸುಣ್ಣ ಒತ್ತೂದಲ್ಲ."

"ಆಪರೇಶನ್?"

"ನಾಕೈದು ತಿಂಗಳಿಗೆ ಮಾಡಿಸು. ಒಮ್ಮೊಮ್ಮೆ ನಾಕು ತಿಂಗಳಿಗೇ ಬೆದಿಗೆ ಬರತೈತಿ, ಗಬ್ಬ ಎರಡ ತಿಂಗಳು. ಹಾಲು ಕುಡಿಸಾಕತ್ತಾಗ ಮತ್ತ ಗಬ್ಬ ಆಗತೈತಿ. 'ಒಮ್ಮೆ ಮರಿ ಹಾಕಲಿ' ಅಂದವರ ಮನೀ ಮರಿಗೋಳ ಈ ಸೋಡಾ ಕ್ರೇಟಿಗೆ ಬಂದು ಬೀಳತಾವು."

ಅಷ್ಟರಲ್ಲಿ ಅಕ್ಕಾ ಕೈ ಎತ್ತಿದರು. ತಗಡಿನ ಕೆಳಗೆ ಏನೋ ಸರಿದಾಡಿತು. ನಾಲ್ವರೂ ಕಟ್ಟೆಯ ಮೇಲೆ ಕಲ್ಲಾದರು.

ಮೈಯೆಲ್ಲ ತೊಯ್ದ ಕರಿಬೆಕ್ಕು. ಹಿಟ್ಟಿನ ಅಂಚಿನಲ್ಲಿ ನಿಂತು ಮೂಸಿತು, ಒಂದು ಕಾಲೆತ್ತಿ ಝಾಡಿಸಿತು, ಮನುಷ್ಯರ ಹುಚ್ಚಾಟ ಅಂದುಕೊಂಡಿತೋ ಏನೋ, ದಾಟಿ ಒಳಗೆ ಹೋಯಿತು. ಹೊರಗೆ ಬಂದಾಗ ಬಾಯಲ್ಲಿ ಮರಿ ಜೋತಾಡುತ್ತಿತ್ತು. ಕೈಕಾಲು ಮಡಚಿಕೊಂಡು, ಯಾವ ಚಿಂತೆಯೂ ಇಲ್ಲದೆ.

"ಮಾರ್ಜಾಲ ಕಿಶೋರ," ಎಂದು ಮಾಸ್ತರು ಪಿಸುಗುಟ್ಟಿದರು.

ಬೆಕ್ಕು ಅಂಗಡಿಯ ಹಿಂದಿನ ಕಟ್ಟಿಗೆ ಒಟ್ಟಿಲಿಗೆ ಹೊಕ್ಕಿತು. ಒದ್ದೆ ಹಿಟ್ಟಿನಲ್ಲಿ ನಾಲ್ಕು ಬೆರಳಿನ ಹೆಜ್ಜೆಗಳು ಉಳಿದವು, ಉಗುರಿನ ಗುರುತಿಲ್ಲದೆ.

"ಕಟ್ಟಿಗಿ ಬುಡಕ ಬೆಚ್ಚಗೈತಿ, ಅಲ್ಲೇ ಇರತೈತಿ," ಎಂದರು ಕಾಕಾ. "ಅಕ್ಕಾ, ದಿನಾ ಅಲ್ಲೇ ತಾಯಿಗೆ ಊಟ ಇಡು, ಒಗ್ಗತೈತಿ. ಮೂರು ವಾರದ ಮ್ಯಾಲೆ ಮರೀನ್ನ ನೀ ಒಯ್ಯಿ ತಮ್ಮಾ. ತಾಯೀನ್ನ ಬುಟ್ಟ್ಯಾಗ ಹಾಕಿ ಆಪರೇಶನ್ನಿಗೆ ಒಯ್ಯೋಣಂತ."

ಹುಡುಗ ಫೋನನ್ನು ಮೇಲೆ ಕೆಳಗೆ ತೀಡುತ್ತಿದ್ದ.

"ಕಾಕಾ, ಈ ಹಾಸಿಗಿ ಆರ್ಡರ್ ಆಗಿಬಿಟ್ಟೈತ್ರಿ. ಕ್ಯಾನ್ಸಲ್ ಎಲ್ಲಿ ಒತ್ತೂದು?"

"ಬರಲಿ ಬಿಡೋ," ಎಂದರು ಅಕ್ಕಾ. "ರಟ್ಟಿನ ಡಬ್ಬಿ ಬರತೈತಲ್ಲ."