ಹಳೆಯ ತೇಗದ ಮೇಜಿಗೆ ಹಸೆ ಚಿತ್ತಾರ

ಪ್ರಶ್ನೆ: ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ, ಪಾಲಿಶ್ ಮಾಸಿದ ತೇಗದ ಮೇಜಿಗೆ ಕೆಮ್ಮಣ್ಣಿನ ಬಣ್ಣ ಬಳಿದು, ಅದರ ಮೇಲೆ ಮಲೆನಾಡಿನ ದೀವರ ಸಮುದಾಯದವರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಬರೆಯಬೇಕೆಂದಿದ್ದೇನೆ. ಬಣ್ಣ ಏಳದಂತೆ ಏನು ಮಾಡಬೇಕು?

ಉತ್ತರ 1: ಹಳೆಯ ಹೊಳಪು ಪೂರ್ತಿ ಹೋಗುವವರೆಗೆ 120, ಬಳಿಕ 220 ಸಂಖ್ಯೆಯ ಮರಳು ಕಾಗದದಿಂದ ಉಜ್ಜಿ, ಧೂಳು ಒರೆಸಿ, ಪ್ರೈಮರ್ (ಬಣ್ಣಕ್ಕೂ ಮೊದಲು ಬಳಿಯುವ ತಳಲೇಪ) ಹಚ್ಚಿರಿ, ತೇಗದಲ್ಲಿ ಸಹಜವಾಗಿಯೇ ಎಣ್ಣೆಯಂಶವಿರುವುದರಿಂದ ಈ ಹಂತ ಬಿಟ್ಟರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ನನ್ನನ್ನು ಕೇಳಿದರೆ, ಒಳ್ಳೆಯ ತೇಗವನ್ನು ಬಣ್ಣದಡಿ ಮುಚ್ಚುವುದೇ ಅನ್ಯಾಯ.

ಉತ್ತರ 2: ಗೋಡೆಯ ಚಿತ್ತಾರಕ್ಕೆ ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ಗಿಡದ ನಾರಿನ ಕುಂಚ ಬಳಸುತ್ತಾರೆ. ಮೇಜಿನ ಮೇಲೆ ಅಕ್ಕಿಬಣ್ಣ ಒದ್ದೆ ಬಟ್ಟೆಗೇ ಅಳಿಯುವುದರಿಂದ, ಕುಂಚವನ್ನಷ್ಟೇ ಉಳಿಸಿಕೊಂಡು ಅಕ್ರಿಲಿಕ್ ಬಳಸಿರಿ.

ಉತ್ತರ 3: ಚಿತ್ತಾರದ ರಕ್ಷಣೆಗೆ ಕೊನೆಯಲ್ಲಿ ಬಳಿಯುವ ಮೇಲ್ಲೇಪ ನೀರು ಆಧಾರಿತ ಪಾಲಿಯುರೆಥೇನ್ ವಾರ್ನಿಶ್ ಆಗಿರಲಿ, ಎಣ್ಣೆ ಆಧಾರಿತವಾದದ್ದು ಕ್ರಮೇಣ ಬಿಳಿ ಗೆರೆಗಳನ್ನು ಹಳದಿಯಾಗಿಸುತ್ತದೆ.