ಸಹಾಯ ಬೇಕು: ಹಾಯಿದೋಣಿ ಆಟೋಪೈಲಟ್‌ನ ದಿಕ್ಸೂಚಿ ಜಾರ್ತಿದೆ

ಎಲ್ಲರಿಗೂ ನಮಸ್ಕಾರ, ಮೈಸೂರಿಂದ ಬರೀತಿದೀನಿ. ಕೆಆರ್‌ಎಸ್ ಹಿನ್ನೀರಲ್ಲಿ ಓಡಿಸೋ ನಮ್ಮ ಪುಟ್ಟ ಹಾಯಿದೋಣಿಗೆ ನಾವೇ ಆಟೋಪೈಲಟ್ ಕೂರಿಸಿದೀವಿ. ಮ್ಯಾಗ್ನೆಟೋಮೀಟರ್ (ಭೂಮಿಯ ಕಾಂತಕ್ಷೇತ್ರ ನೋಡಿ ದಿಕ್ಕು ಹೇಳೋ ಸೆನ್ಸರ್, ಇದೇ ನಮ್ಮ ದಿಕ್ಸೂಚಿ), ಗೈರೋ (ದೋಣಿ ಎಷ್ಟು ವೇಗವಾಗಿ ತಿರುಗ್ತಿದೆ ಅಂತ ಅಳೆಯೋದು), ಚುಕ್ಕಾಣಿಗೆ 12 ವೋಲ್ಟ್ ಮೋಟಾರು, ಇಷ್ಟೇ.

ಮೊದಲ ಹತ್ತು ನಿಮಿಷ ದೋಣಿ ನೆಟ್ಟಗೆ ಹೋಗತ್ತೆ. ಆಮೇಲೆ ರೀಡಿಂಗ್ ಮೆಲ್ಲಗೆ ಜಾರಿ 15-20 ಡಿಗ್ರಿ ತಪ್ಪತ್ತೆ. ದಡದಲ್ಲಿ ಮರದ ನೆರಳಲ್ಲಿಟ್ಟು ಗಂಟೆಗಟ್ಟಲೆ ನೋಡಿದ್ರೂ ಅಲುಗಾಡಲ್ಲ, ಅಷ್ಟು ಸಾಧು!

ನೀರಲ್ಲೇ ನಿಧಾನಕ್ಕೆ ಪೂರ್ತಿ ಸುತ್ತು ಹಾಕಿ ಎರಡು ಸಲ ಕ್ಯಾಲಿಬ್ರೇಷನ್ (ಸೆನ್ಸರ್ ರೀಡಿಂಗ್ ಸರಿಹೊಂದಿಸೋದು) ಮಾಡಾಯ್ತು. ಸ್ಪೀಕರಲ್ಲಿ ಅಯಸ್ಕಾಂತ ಇರತ್ತಲ್ಲ, ಅದನ್ನೂ ಕಿತ್ತು ಮನೇಲಿಟ್ಟೆ. ಡಿಕ್ಲಿನೇಷನ್ (ದಿಕ್ಸೂಚಿ ತೋರಿಸೋ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರೋ ವ್ಯತ್ಯಾಸ) ಅಂತ ಮಾತ್ರ ಹೇಳ್ಬೇಡಿ, ನಮ್ಮ ಕಡೆ ಅದು ಒಂದೆರಡು ಡಿಗ್ರಿ, ಹತ್ತು ನಿಮಿಷಕ್ಕೆ ಬದಲಾಗೋದೂ ಅಲ್ಲ. ಮೋಟಾರಿನ ಪ್ಲಸ್-ಮೈನಸ್ ತಂತಿ ಜಡೆ ಥರ ಹೆಣೆದೆ, ಅದರ ಕಾಂತಕ್ಷೇತ್ರ ಕಮ್ಮಿಯಾಗ್ಲಿ ಅಂತ.

ತಲೆ ಕೆಟ್ಟಿರೋದು ಇಲ್ಲಿ: ಮೋಟಾರಿನದೇ ಕಾಟ ಆಗಿದ್ರೆ ಅದು ನಿಂತಾಗ ರೀಡಿಂಗ್ ಸರಿಹೋಗ್ಬೇಕಲ್ವಾ? ಹೋಗ್ತಿಲ್ಲ. ಹಾಗಾದ್ರೆ ಬಿಸಿಲಿಗೆ ಡಬ್ಬಿ ಕಾದು ಸೆನ್ಸರ್ ಜಾರ್ತಿದೆಯಾ, ಇಲ್ಲಾ ದೋಣಿ ಒಂದೇ ಕಡೆ ವಾಲಿರೋದ್ರಿಂದ ಗೈರೋ ಲೆಕ್ಕ ತಪ್ತಿದೆಯಾ? ಇವೆರಡನ್ನ ಬೇರೆ ಮಾಡಿ ನೋಡೋಕೆ ಯಾವ ಪರೀಕ್ಷೆ ಮೊದಲು ಮಾಡ್ಲಿ? ಗೊತ್ತಿರೋರು ದಯವಿಟ್ಟು ಹೇಳಿ, ಭಾನುವಾರ ಮತ್ತೆ ನೀರಿಗಿಳಿಸ್ತೀವಿ.